ಲಂಡನ್‌ನಲ್ಲಿ ಕಾರು ಓಡಿಸುವ ಮುಂಚೆ ಕೇಳಬೇಕಾದ್ದು: ಈ ರಸ್ತೆ ಯಾರದ್ದು?

ಅಪ್ಪ ಅಮ್ಮನಿಗೆ ಮೊಣಕಾಲು ನೋವು, ಮಗು ಚಿಕ್ಕದು, ಅಲ್ಲೂ ನಮ್ಮ ಹಾಗೇ ಎಡಗಡೆ ಡ್ರೈವಿಂಗ್, ಹಾಗಾಗಿ ಲಂಡನ್‌ನಲ್ಲಿ ಇರುವಷ್ಟು ದಿನವೂ ಬಾಡಿಗೆ ಕಾರು ಇಟ್ಟುಕೊಂಡರೆ ಆರಾಮ ಅಲ್ವಾ, ಟೋಲು ಪಾರ್ಕಿಂಗು ಎಲ್ಲ ಹೇಗೆ ಅಂತ ಕೇಳಿದ್ದೀರಿ. ನಾನು ಹೋಗಿದ್ದೂ ಇದೇ ಲೆಕ್ಕಾಚಾರದಲ್ಲಿ.

ಚಿಕ್ಕಪ್ಪನ ಮಗ ಲಂಡನ್‌ನ ಈಸ್ಟ್ ಹ್ಯಾಮ್‌ನಲ್ಲಿದ್ದಾನೆ. ನಾನು, ಹೆಂಡತಿ, ಅಪ್ಪ, ಅಮ್ಮ ಅವನ ಮನೆಯಲ್ಲೇ ಉಳಿದುಕೊಂಡಿದ್ದೆವು. ಅಮ್ಮನಿಗೆ ಮೆಟ್ಟಿಲು ಅಂದರೆ ಆಗಲ್ಲ. ಟ್ಯೂಬ್, ಅಂದರೆ ಅಲ್ಲಿನ ಸುರಂಗ ರೈಲಿನ ಸ್ಟೇಷನ್‌ಗಳಲ್ಲಿ ಮೆಟ್ಟಿಲು ಜಾಸ್ತಿ ಅಂತ ಯಾರೋ ಹೇಳಿದ್ದರು. ಅಷ್ಟು ಸಾಕಾಯಿತು, ಊರಿಂದಲೇ ಕಾರು ಬುಕ್ ಮಾಡಿಬಿಟ್ಟೆ. ನಮ್ಮ ಲೈಸೆನ್ಸ್‌ನಲ್ಲೇ ಅಲ್ಲಿ 12 ತಿಂಗಳವರೆಗೆ ಓಡಿಸಬಹುದು, ಅದರ ಚಿಂತೆ ನಿಮಗೆ ಬೇಡ. ಕೆಲವು ಬಾಡಿಗೆ ಕಂಪನಿಗಳು ಇಂಟರ್‌ನ್ಯಾಷನಲ್ ಪರ್ಮಿಟ್ ಕೂಡ ಕೇಳುತ್ತವೆ, ಬುಕ್ ಮಾಡುವಾಗಲೇ ಅದನ್ನೊಂದು ನೋಡಿಕೊಳ್ಳಿ.

ಏನೂ ತಿಳಿಯದೆ ಹೋದವನಲ್ಲ ನಾನು. ಕಂಜೆಶನ್ ಚಾರ್ಜ್, ಅಂದರೆ ಊರ ನಡುವೆ ಕಾರು ತಂದರೆ ಕಟ್ಟಬೇಕಾದ ದುಡ್ಡಿನ ಬಗ್ಗೆ ಚೆನ್ನಾಗಿ ಓದಿಕೊಂಡಿದ್ದೆ. ಕೆನ್ ಲಿವಿಂಗ್‌ಸ್ಟನ್ ಮೇಯರ್ ಆಗಿದ್ದಾಗ, 2003ರ ಫೆಬ್ರವರಿಯಲ್ಲಿ, ಇದನ್ನು 5 ಪೌಂಡ್‌ನಿಂದ ಶುರು ಮಾಡಿದರು. ನಾನು ಹೋದಾಗ 15 ಪೌಂಡ್ ಇತ್ತು. 2026ರ ಜನವರಿ 2ರಿಂದ 18 ಪೌಂಡ್ ಆಗಿದೆ. ಊರಿನ ನಡುಮಧ್ಯದ ಸುಮಾರು 21 ಚದರ ಕಿಲೋಮೀಟರ್ ಜಾಗಕ್ಕೆ ಇದು ಅನ್ವಯ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 7ರಿಂದ ಸಂಜೆ 6, ಶನಿವಾರ ಭಾನುವಾರ ಮಧ್ಯಾಹ್ನ 12ರಿಂದ ಸಂಜೆ 6. ರಸ್ತೆ ಮೇಲೆ ಕೆಂಪು ವೃತ್ತದೊಳಗೆ ಬಿಳಿ 'ಸಿ' ಅಕ್ಷರ ಬರೆದಿರುತ್ತಾರೆ. ಅದನ್ನು ದಾಟಿದರೆ ಒಳಗೆ ಹೋದಿರಿ ಅಂತ ಲೆಕ್ಕ. ಗೇಟೂ ಇಲ್ಲ, ಬೂತೂ ಇಲ್ಲ, ಯಾರೂ ಕೈ ಅಡ್ಡ ಹಿಡಿಯಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ನಮ್ಮ ಫಾಸ್ಟ್ಯಾಗ್‌ನ ಹಾಗೆ ದುಡ್ಡು ತಾನಾಗೇ ಹೋಗುತ್ತೆ ಅಂದುಕೊಳ್ಳಬೇಡಿ. ನೀವೇ ನೆನಪಿಟ್ಟುಕೊಂಡು ವೆಬ್‌ಸೈಟಿಗೆ ಹೋಗಿ ಕಟ್ಟಬೇಕು. ಅವತ್ತೇ ಕಟ್ಟಿದರೆ 18. ಮರೆತರೆ ಹೋದ ದಿನದ ನಂತರದ ಮೂರನೇ ದಿನದ ಮಧ್ಯರಾತ್ರಿವರೆಗೆ ಸಮಯ ಇದೆ, ಆದರೆ ಆಗ 21. ಅದೂ ದಾಟಿದರೆ ದಂಡ 180, ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅದರಲ್ಲಿ ಅರ್ಧ.

ಇಲ್ಲಿ ಒಂದು ಮಾತು ಗಮನಿಸಿ, ಮುಂದೆ ಬೇಕಾಗುತ್ತೆ. ಈ ಚಾರ್ಜ್ ದಿನದ ಲೆಕ್ಕ. ಒಂದು ಸಲ ಕಟ್ಟಿದರೆ ಅವತ್ತು ಎಷ್ಟು ಸಲ ಬೇಕಾದರೂ ಒಳಗೆ ಹೋಗಿ ಹೊರಗೆ ಬರಬಹುದು.

ಒಂದು ದಿನ ಹಾಗೆ ದುಡ್ಡು ಕಟ್ಟಿ ಎಲ್ಲರನ್ನೂ ಕೂರಿಸಿಕೊಂಡು ಹೋದೆ. ಥೇಮ್ಸ್ ನದಿ ಪಕ್ಕದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ರಸ್ತೆ. ನದಿಯ ಆಚೆ ಲಂಡನ್ ಐ, ಮುಂದೆ ಬಿಗ್ ಬೆನ್. ಅಮ್ಮ "ಇಲ್ಲೇ ಒಂದು ನಿಮಿಷ ನಿಲ್ಸೋ, ಇಳೀತೀನಿ" ಅಂದರು. ಪಕ್ಕದಲ್ಲಿ ನೋಡಿದರೆ ಕೆಂಪು ಗೆರೆ. ಡಬಲ್ ಕೆಂಪು ಗೆರೆ ಅಂದರೆ ನಿಲ್ಲಿಸುವಂತೆಯೇ ಇಲ್ಲ. ಪಾರ್ಕ್ ಮಾಡೋದಲ್ಲ, ಬಾಗಿಲು ತೆಗೆದು ಒಬ್ಬರನ್ನು ಇಳಿಸುವಂತೆಯೂ ಇಲ್ಲ. ಸರಿ, ಮುಂದೆ ಹೋಗೋಣ ಅಂದೆ. ಮುಂದೆ ಬಸ್ ಸ್ಟಾಪ್, ಆಮೇಲೆ ಸೈಕಲ್ ದಾರಿ, ಆಮೇಲೆ ಮತ್ತೆ ಕೆಂಪು ಗೆರೆ. ಒಂದು ಸುತ್ತು ಹಾಕಿ ಬಂದೆ, ಅದೇ ಕಥೆ. ಅಷ್ಟರಲ್ಲಿ ನಮ್ಮ ಮುಂದೆಯೇ ಒಂದು ಕಪ್ಪು ಟ್ಯಾಕ್ಸಿ ನಿಂತು, ಕೋಲು ಹಿಡಿದ ಅಜ್ಜಿಯೊಬ್ಬರನ್ನು ನಿಧಾನವಾಗಿ ಇಳಿಸಿ ಹೋಯಿತು. ಆ ಟ್ಯಾಕ್ಸಿಗಳಿಗೆ ಕೆಂಪು ಗೆರೆಯ ಮೇಲೆ ಜನ ಹತ್ತಿಸಿ ಇಳಿಸೋಕೆ ಅನುಮತಿ ಇದೆ. ನಮಗಿಲ್ಲ. ಅಮ್ಮ ಬಿಗ್ ಬೆನ್ ನೋಡಿದ್ದು ಕಾರಿನ ಕಿಟಕಿಯಿಂದ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅಂತ ನನಗನಿಸೋದು. ವಯಸ್ಸಾದವರು ಇದ್ದಾರೆ, ಅದಕ್ಕೆ ಕಾರು ಬೇಕು ಅಂತೀರಿ. ವಯಸ್ಸಾದವರಿಗೆ ಬೇಕಿರೋದು ಕಾರಲ್ಲ, ಬಾಗಿಲ ಹತ್ತಿರ ಇಳಿಯೋದು. ಲಂಡನ್ ಊರೊಳಗೆ ಸ್ವಂತವಾಗಿ ಓಡಿಸುವ ಕಾರು ಆ ಒಂದು ಕೆಲಸವನ್ನೇ ಮಾಡೋದಿಲ್ಲ.

ಈಗ ನನಗೆ ದಂಡ ಬಿದ್ದ ವಿಷಯ. ಅದು ಬಿದ್ದಿದ್ದು ಊರ ನಡುವೆ ಅಲ್ಲ, ಊರಾಚೆ. ಕ್ಯಾಂಟರ್ಬರಿಗೆ ಹೋಗಿ ಬರೋಣ ಅಂತ ಹೊರಟೆವು. ಈಸ್ಟ್ ಹ್ಯಾಮ್‌ನಿಂದ ಎ13 ಹಿಡಿದು, ಎಂ25 ಸೇರಿ ಥೇಮ್ಸ್ ದಾಟಬೇಕು. ಅದೇ ಡಾರ್ಟ್‌ಫರ್ಡ್ ಕ್ರಾಸಿಂಗ್. ದಕ್ಷಿಣಕ್ಕೆ ಹೋಗುವವರು ಕ್ವೀನ್ ಎಲಿಜಬೆತ್ ಸೇತುವೆ ಮೇಲೆ ಹೋಗಬೇಕು, ಉತ್ತರಕ್ಕೆ ವಾಪಸ್ ಬರುವವರು ನದಿ ಕೆಳಗಿನ ಸುರಂಗದಲ್ಲಿ ಬರಬೇಕು. ಸೇತುವೆ ಬಹಳ ಎತ್ತರ. ಅಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದರು. ಸೇತುವೆ ಇಳಿಯುವಾಗ "ಇಷ್ಟು ದೊಡ್ಡ ಸೇತುವೆಗೆ ಟೋಲ್ ಇಲ್ವೇನೋ?" ಅಂದರು. "ಇದೆ ಅಪ್ಪ, ಆನ್‌ಲೈನ್‌ನಲ್ಲಿ ಕಟ್ಟೋದು, ರಾತ್ರಿ ಕಟ್ತೀನಿ" ಅಂದೆ. 2014ರ ನವೆಂಬರ್‌ವರೆಗೆ ಅಲ್ಲಿ ಬೂತ್‌ಗಳಿದ್ದವು. ಆಮೇಲೆ ತೆಗೆದುಹಾಕಿ ಪೂರ್ತಿ ಕ್ಯಾಮೆರಾಗೆ ಬಿಟ್ಟರು.

ದಿನವೆಲ್ಲ ಸುತ್ತಾಡಿ ಕತ್ತಲಾದ ಮೇಲೆ ಸುರಂಗದಲ್ಲಿ ವಾಪಸ್ ಬಂದೆವು. ಮನೆಗೆ ಬಂದು, ಊಟ ಮಾಡಿ, ಫೋನ್ ತೆಗೆದು ಡಾರ್ಟ್ ಚಾರ್ಜ್ ಕಟ್ಟಿದೆ. ಆಗ 2.50 ಪೌಂಡ್ ಇತ್ತು, 2025ರ ಸೆಪ್ಟೆಂಬರ್‌ನಿಂದ 3.50 ಆಗಿದೆ. ಕಾರಿನ ನಂಬರ್ ಸರಿಯಾಗಿ ಹಾಕಿದೆ. ಎಷ್ಟು ಕ್ರಾಸಿಂಗ್ ಅಂತ ಕೇಳಿದ ಜಾಗದಲ್ಲಿ 1 ಅಂತ ಹಾಕಿದೆ.

ತಪ್ಪಾಗಿದ್ದು ಇಲ್ಲಿ. ಇದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟೇ ಓದಿಕೊಂಡು ಹೋದರೂ ಇಲ್ಲಿ ಕಾಲು ಜಾರುತ್ತೆ. ನನ್ನ ತಲೆಯಲ್ಲಿ ಕೂತಿದ್ದು ಕಂಜೆಶನ್ ಚಾರ್ಜಿನ ಲೆಕ್ಕ. ಒಂದು ದಿನ, ಒಂದು ಕಾರು, ಒಂದು ಸಲ ದುಡ್ಡು. ಹೋಗಿದ್ದೂ ಬಂದಿದ್ದೂ ಒಂದೇ ದಿನ, ಹಾಗಾಗಿ 1. ಡಾರ್ಟ್‌ಫರ್ಡ್‌ನಲ್ಲಿ ಹಾಗಲ್ಲ. ಅಲ್ಲಿ ದಿನದ ಲೆಕ್ಕವೇ ಇಲ್ಲ, ದಾಟಿದ ಲೆಕ್ಕ. ಸೇತುವೆ ಮೇಲೆ ಹೋಗಿದ್ದು ಒಂದು, ಸುರಂಗದಲ್ಲಿ ಬಂದಿದ್ದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕಟ್ಟಬೇಕು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಮಾತ್ರ ಚಾರ್ಜ್ ಇರೋದು, ರಾತ್ರಿ ಹತ್ತು ದಾಟಿದ ಮೇಲೆ ಬಂದಿದ್ದರೆ ಬಿಟ್ಟಿ. ನಾವು ಅದಕ್ಕೂ ಮುಂಚೆಯೇ ಬಂದಿದ್ದೆವು. ಗಡುವು ಕೂಡ ಬೇರೆ. ಕಂಜೆಶನ್ ಚಾರ್ಜಿಗೆ ಮೂರನೇ ದಿನದ ಮಧ್ಯರಾತ್ರಿವರೆಗೆ ಕೊಟ್ಟರೆ, ಇಲ್ಲಿ ಮಾರನೇ ದಿನದ ಮಧ್ಯರಾತ್ರಿಗೇ ಮುಗೀತು.

ಎರಡೂ ಕ್ಯಾಮೆರಾ, ಎರಡೂ ಆನ್‌ಲೈನ್, ಎರಡೂ ಥೇಮ್ಸ್ ಪಕ್ಕ. ಆದರೆ ಲಂಡನ್ ಊರೊಳಗಿನ ಚಾರ್ಜ್ ನೋಡಿಕೊಳ್ಳೋದು ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್. ಡಾರ್ಟ್‌ಫರ್ಡ್ ನೋಡಿಕೊಳ್ಳೋದು ನ್ಯಾಷನಲ್ ಹೈವೇಸ್. ಒಬ್ಬರ ಖಾತೆ ಇನ್ನೊಬ್ಬರಿಗೆ ಸಂಬಂಧ ಇಲ್ಲ. ಲಂಡನ್‌ನ ಆಟೋ ಪೇ, ಅಂದರೆ ಮೊದಲೇ ಖಾತೆ ತೆರೆದರೆ ಕಾರ್ಡಿನಿಂದ ತಾನಾಗೇ ದುಡ್ಡು ಹೋಗುವ ವ್ಯವಸ್ಥೆ, ಹಾಕಿಸಿಕೊಂಡರೂ ಡಾರ್ಟ್‌ಫರ್ಡ್‌ಗೆ ಒಂದು ಪೆನ್ನಿ ಹೋಗಲ್ಲ. ನಾನು ರಸ್ತೆ ನಿಯಮ ಓದಿದ್ದೆ, ರಸ್ತೆ ಯಾರದ್ದು ಅಂತ ನೋಡಿರಲಿಲ್ಲ.

ಮುಂದೇನಾಯಿತು ಅಂದರೆ, ಅವತ್ತು ಏನೂ ಆಗಲಿಲ್ಲ. ತೊಂದರೆ ಇರೋದೇ ಅಲ್ಲಿ. ಕಾರು ವಾಪಸ್ ಕೊಟ್ಟೆವು, ಡಿಪಾಸಿಟ್ ಬಿಡಿಸಿಕೊಂಡೆವು, ವಿಮಾನ ಹತ್ತಿ ಊರಿಗೆ ಬಂದೆವು. ಎಷ್ಟೋ ದಿನದ ಮೇಲೆ, ಆಫೀಸಿನಲ್ಲಿ ಕೂತಿದ್ದಾಗ, ಕಾರ್ಡಿನಿಂದ ಪೌಂಡ್ ಲೆಕ್ಕದಲ್ಲಿ ದುಡ್ಡು ಹೋಗಿದೆ ಅಂತ ಮೆಸೇಜ್ ಬಂತು. ಬಾಡಿಗೆ ಕಂಪನಿಯ ಹೆಸರು. ಪೆಟ್ರೋಲಿನ ಬಾಕಿ ಏನೋ ಇರಬೇಕು ಅಂದುಕೊಂಡು ಮೇಲ್ ಹಾಕಿದೆ. ಅದು ಅವರ ಅಡ್ಮಿನ್ ಫೀ ಅಂತ ಉತ್ತರ ಬಂತು. "ಹಾಗಾದರೆ ದಂಡ ಕಟ್ಟಿದಿರಾ?" ಅಂತ ಕೇಳಿದೆ. ಇಲ್ಲವಂತೆ. ದಂಡ ನಿಮಗೇ ಬರುತ್ತದೆ, ನಿಮ್ಮ ಹೆಸರು ವಿಳಾಸ ಕೊಟ್ಟಿದ್ದಕ್ಕೆ ಈ ಫೀ ಅಂದರು.

ಬಾಡಿಗೆ ಕಾರಿನ ದಂಡ ಹೇಗೆ ಸುತ್ತಿ ಬರುತ್ತೆ ಅಂದರೆ, ಕ್ಯಾಮೆರಾಗೆ ಸಿಕ್ಕ ನಂಬರ್ ಯಾರ ಹೆಸರಲ್ಲಿದೆ ಅಂತ ಮೊದಲು ನೋಡುತ್ತಾರೆ. ಅದು ಬಾಡಿಗೆ ಕಂಪನಿ ಹೆಸರಲ್ಲಿರುತ್ತೆ, ನೋಟಿಸ್ ಅಲ್ಲಿಗೆ ಹೋಗುತ್ತೆ. ಕಂಪನಿಯವರು ಒಪ್ಪಂದದ ಪ್ರಕಾರ ನಿಮ್ಮ ಕಾರ್ಡಿನಿಂದ ತಮ್ಮ ಫೀ ಹಿಡಿದುಕೊಂಡು, ಆ ದಿನ ಓಡಿಸುತ್ತಿದ್ದವರು ಇವರು ಅಂತ ಬರೆದು ಕಳಿಸುತ್ತಾರೆ. ಆಮೇಲೆ ನಿಮ್ಮ ಹೆಸರಿಗೆ ಹೊಸ ನೋಟಿಸ್ ಹೊರಡುತ್ತೆ. ಡಾರ್ಟ್‌ಫರ್ಡ್ ದಂಡ 70 ಪೌಂಡ್, ಹದಿನಾಲ್ಕು ದಿನದೊಳಗೆ ಕಟ್ಟಿದರೆ 35. ಕಟ್ಟದೇ ಬಿಟ್ಟಿದ್ದ ಚಾರ್ಜ್ ಬೇರೆ. ಆ ಹದಿನಾಲ್ಕು ದಿನ ನನ್ನ ಲಕೋಟೆ ಅಂಚೆಯಲ್ಲೇ ಕಳೆದುಬಿಟ್ಟಿತ್ತು. ಕೈಗೆ ಬಂದಾಗ ರಿಯಾಯಿತಿ ಮುಗಿದಿತ್ತು, ಇನ್ನೂ ತಡ ಮಾಡಿದರೆ 105 ಆಗುತ್ತೆ ಅಂತ ಬರೆದಿತ್ತು. ಒಂದು ದಾಟುವಿಕೆಗೆ ಕಟ್ಟಿದ ರಸೀದಿ ನನ್ನ ಹತ್ತಿರ ಇತ್ತು, ಆದರೆ ಎರಡನೆಯದು ಕಟ್ಟಿಲ್ಲ ಅನ್ನೋದೂ ನಿಜ. ವಾದ ಮಾಡದೆ ಪೂರ್ತಿ 70 ಕಟ್ಟಿದೆ. 2.50 ಪೌಂಡ್ ಬಿಟ್ಟಿದ್ದಕ್ಕೆ ಫೀ, ದಂಡ, ಕಾರ್ಡಿನ ವಿನಿಮಯ ಖರ್ಚು ಎಲ್ಲ ಸೇರಿ ಹೋಗಿದ್ದು ನೂರು ಪೌಂಡ್ ದಾಟಿತು. ಬಾಡಿಗೆ ಕಂಪನಿ ಮೋಸ ಮಾಡಿತು ಅಂತ ನಾನು ಹೇಳಲ್ಲ, ಫೀ ಬಗ್ಗೆ ನಾನು ಸಹಿ ಹಾಕಿದ ಕಾಗದದಲ್ಲೇ ಇತ್ತು.

ಹಾಗಾಗಿ ಲಂಡನ್ ಸುತ್ತಮುತ್ತ ಓಡಿಸುವವರು ಪ್ರತಿ ತಿರುವಿನಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈಗ ನಾನು ಯಾರ ರಸ್ತೆಯಲ್ಲಿದ್ದೀನಿ? ಥೇಮ್ಸ್ ದಾಟುವುದನ್ನೇ ತಗೊಳ್ಳಿ. ಟವರ್ ಬ್ರಿಡ್ಜ್ ಮೇಲೆ ದಾಟಿದರೆ ಸೇತುವೆಗೆ ಅಂತ ದುಡ್ಡಿಲ್ಲ. ರಾದರ್‌ಹೈತ್ ಸುರಂಗಕ್ಕೂ ಇಲ್ಲ. ಆದರೆ ಬ್ಲ್ಯಾಕ್‌ವಾಲ್ ಸುರಂಗ, ಅದರ ಪಕ್ಕದ ಹೊಸ ಸಿಲ್ವರ್‌ಟೌನ್ ಸುರಂಗ, ಈ ಎರಡಕ್ಕೂ 2025ರ ಏಪ್ರಿಲ್ 7ರಿಂದ ಚಾರ್ಜ್ ಹಾಕಿದ್ದಾರೆ. ಬೆಳಿಗ್ಗೆ 6ರಿಂದ ರಾತ್ರಿ 10. ಕಾರಿಗೆ ದಟ್ಟಣೆ ಹೊತ್ತಿನಲ್ಲಿ 4 ಪೌಂಡ್, ಉಳಿದ ಹೊತ್ತಿನಲ್ಲಿ 1.50. ಆ 1.50 ಸಿಗೋದು ಆಟೋ ಪೇ ಇದ್ದವರಿಗೆ ಮಾತ್ರ, ನಮ್ಮಂಥ ಬಂದು ಹೋಗುವವರು ಯಾವ ಹೊತ್ತಿನಲ್ಲಿ ದಾಟಿದರೂ 4 ಕೊಡಬೇಕು. ಇಲ್ಲೂ ದಾಟಿದ ಲೆಕ್ಕವೇ. ಜಿಪಿಎಸ್‌ಗೆ ಬೇಕಿರೋದು ಹತ್ತಿರದ ದಾರಿ ಅಷ್ಟೇ. ಹಾಗಾಗಿ ಟೋಲ್ ತಪ್ಪಿಸು ಅಂತ ಅದರಲ್ಲಿ ಆಯ್ಕೆ ಹಾಕಿಕೊಂಡೇ ಹೊರಡಿ.

ಇನ್ನು ಯುಲೆಜ್, ಅಂದರೆ ಹೊಗೆ ಜಾಸ್ತಿ ಬಿಡುವ ಹಳೇ ಗಾಡಿಗಳ ಮೇಲಿನ ಚಾರ್ಜ್. 2023ರ ಆಗಸ್ಟ್ 29ರಿಂದ ಲಂಡನ್‌ನ ಎಲ್ಲ 'ಬರೋ'ಗಳಿಗೂ, ಅಂದರೆ ಆಡಳಿತ ವಿಭಾಗಗಳಿಗೂ, ವಿಸ್ತರಿಸಿದ್ದಾರೆ. ದಿನಕ್ಕೆ 12.50 ಪೌಂಡ್, ಹಗಲೂ ರಾತ್ರಿ, ಕ್ರಿಸ್‌ಮಸ್ ದಿನ ಬಿಟ್ಟು. ಹೊಗೆಯ ಮಾನದಂಡದಲ್ಲಿ ಪೆಟ್ರೋಲ್ ಕಾರು ಯೂರೋ 4, ಡೀಸೆಲ್ ಯೂರೋ 6 ಇದ್ದರೆ ಕಟ್ಟಬೇಕಿಲ್ಲ. ಬಾಡಿಗೆ ಕಾರು ಸಾಮಾನ್ಯವಾಗಿ ಹೊಸದೇ ಇರುತ್ತೆ, ತೊಂದರೆ ಇಲ್ಲ. ನೆಂಟರ ಹಳೇ ಡೀಸೆಲ್ ಕಾರು ಕೇಳಿ ತಗೊಂಡು ಹೋಗ್ತೀರಿ ಅಂದರೆ ಮಾತ್ರ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿ. ಎಲೆಕ್ಟ್ರಿಕ್ ಕಾರಿಗೆ ಕಂಜೆಶನ್ ಚಾರ್ಜ್ ಇಲ್ಲ ಅಂತ ಹಳೇ ಬರಹಗಳಲ್ಲಿ ಓದಿರ್ತೀರಿ, ಆ ಪೂರ್ತಿ ವಿನಾಯಿತಿ 2025ರ ಡಿಸೆಂಬರ್‌ಗೆ ಮುಗಿದಿದೆ.

ಪಾರ್ಕಿಂಗ್ ಇದಕ್ಕಿಂತ ಕಷ್ಟ. ಲಂಡನ್ ಅಂದರೆ 32 ಬರೋ, ಜೊತೆಗೆ ಸಿಟಿ ಆಫ್ ಲಂಡನ್. ಒಂದೊಂದಕ್ಕೂ ಅದರದ್ದೇ ಕೌನ್ಸಿಲ್, ಅದರದ್ದೇ ದರ, ಅದರದ್ದೇ ಸಮಯ. ದುಡ್ಡು ಕಟ್ಟುವ ಆ್ಯಪ್ ಕೂಡ ಎಲ್ಲ ಕಡೆ ಒಂದೇ ಅಲ್ಲ. ಒಂದು ಕಡೆ ರಿಂಗ್‌ಗೋ, ಇನ್ನೊಂದು ಕಡೆ ಪೇಬೈಫೋನ್. ಬೀದಿಯ ಈ ಬದಿ ಒಂದು ಕೌನ್ಸಿಲ್, ಆ ಬದಿ ಇನ್ನೊಂದು ಇರುವ ಜಾಗಗಳೂ ಇವೆ. ಡಬಲ್ ಹಳದಿ ಗೆರೆ ಇದ್ದ ಕಡೆ ಯಾವ ಹೊತ್ತಿನಲ್ಲೂ ಪಾರ್ಕ್ ಮಾಡೋ ಹಾಗಿಲ್ಲ, ಅದು ಎಲ್ಲರಿಗೂ ಗೊತ್ತಾಗುತ್ತೆ. ಮೋಸ ಹೋಗೋದು ಸಿಂಗಲ್ ಹಳದಿ ಗೆರೆಯಲ್ಲಿ. ಅಲ್ಲಿ ನಿಗದಿತ ಹೊತ್ತು ಬಿಟ್ಟು ಉಳಿದಾಗ ಪಾರ್ಕ್ ಮಾಡಬಹುದು. ಆದರೆ ಆ ಹೊತ್ತು ಯಾವುದು ಅಂತ ಗೆರೆಯ ಪಕ್ಕ ಬೋರ್ಡ್ ಇಲ್ಲದೇ ಇರಬಹುದು. ಕಂಟ್ರೋಲ್ಡ್ ಪಾರ್ಕಿಂಗ್ ಜೋನ್ ಅಂತ ಇರುತ್ತೆ. ಅದರ ಸಮಯ ಬರೆದಿರೋದು ಆ ಬಡಾವಣೆಗೆ ಒಳಗೆ ಬರುವ ಜಾಗದಲ್ಲಿ, ನೀವು ಕಾರು ನಿಲ್ಲಿಸಿದ ಬೀದಿಗಿಂತ ಎಷ್ಟೋ ಹಿಂದೆ. ಬೋರ್ಡ್ ಕಾಣಲಿಲ್ಲ ಅಂದರೆ ನಿಯಮ ಇಲ್ಲ ಅಂತ ಅರ್ಥ ಅಲ್ಲ. ಈಸ್ಟ್ ಹ್ಯಾಮ್‌ನ ಚಿಕ್ಕಪ್ಪನ ಮಗ ಇದನ್ನು ಮೊದಲ ದಿನವೇ ಹೇಳಿದ್ದ: "ಅಣ್ಣಾ, ಇಲ್ಲಿ ಕಾರು ನಿಲ್ಲಿಸಿದ ಮೇಲೆ ನೂರು ಹೆಜ್ಜೆ ಹಿಂದಕ್ಕೆ ನಡೆದು ನೋಡಬೇಕು." ಅವನ ಮನೆ ಮುಂದೆಯೂ ಅಲ್ಲಿಯ ನಿವಾಸಿಗಳಿಗೆ ಮಾತ್ರ ಜಾಗ. ವಿಸಿಟರ್ ಪರ್ಮಿಟ್ ಅವನೇ ಆನ್‌ಲೈನ್‌ನಲ್ಲಿ ತಗೊಂಡು ನಮ್ಮ ನಂಬರ್ ಹಾಕಬೇಕಿತ್ತು. ಕಾರು ಸುಮ್ನೆ ನಿಂತ ದಿನವೂ ಖರ್ಚೇ. ನೀವು ನೆಂಟರ ಮನೆಯಲ್ಲಿ ಇರೋದಾದರೆ ಇದನ್ನು ಅವರ ಹತ್ತಿರ ಮೊದಲೇ ಕೇಳಿ, ಅವರಿಗೆ ಹೊರೆ ಆಗಬಾರದು ನೋಡಿ.

ಇನ್ನು ಎಡಗಡೆ ಡ್ರೈವಿಂಗ್, ಹಾಗಾಗಿ ಸುಲಭ ಅನ್ನೋ ಮಾತು. ಸ್ಟೀರಿಂಗ್ ಬಲಗಡೆ ಇರೋದರಿಂದ ಕೈಗೆ ಸುಲಭ, ನಿಜ. ಕಷ್ಟ ಇರೋದು ಓದೋದರಲ್ಲಿ. ಬಸ್ ಲೇನ್ ಪಕ್ಕದ ಬೋರ್ಡಿನಲ್ಲಿ ಹೊತ್ತು ಬರೆದಿರುತ್ತೆ, ಆ ಹೊತ್ತಿನಲ್ಲಿ ಒಳಗೆ ಹೋದರೆ ದಂಡ. ಜಂಕ್ಷನ್‌ನಲ್ಲಿ ಹಳದಿ ಜಾಲರಿ ಬಳಿದಿದ್ದರೆ, ಆಚೆ ಬದಿಯಲ್ಲಿ ನಿಮ್ಮ ಕಾರಿಗೆ ಜಾಗ ಖಾಲಿ ಇದ್ದರೆ ಮಾತ್ರ ಒಳಗೆ ಹೋಗಬೇಕು. ಸಿಗ್ನಲ್ ಹಸಿರಿದೆ ಅಂತ ಹೋಗಿ ಮಧ್ಯದಲ್ಲಿ ನಿಂತರೆ ಅದಕ್ಕೂ ಕ್ಯಾಮೆರಾ. ರೌಂಡಬೌಟ್‌ನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ. ಜೀಬ್ರಾ ಕ್ರಾಸಿಂಗ್‌ನಲ್ಲಿ ಜನಕ್ಕೆ ದಾರಿ, ಇದರಲ್ಲಿ ಮಾತೇ ಇಲ್ಲ. 2022ರಲ್ಲಿ ಹೈವೇ ಕೋಡ್, ಅಂದರೆ ಅಲ್ಲಿನ ರಸ್ತೆ ನಿಯಮಾವಳಿ, ಬದಲಾದ ಮೇಲೆ, ನೀವು ತಿರುಗುವ ರಸ್ತೆಯನ್ನು ದಾಟೋಕೆ ಕಾಯುತ್ತಾ ನಿಂತವರಿಗೂ ದಾರಿ ಬಿಡಬೇಕು. ಊರೊಳಗೆ ಎಷ್ಟೋ ರಸ್ತೆಗಳಲ್ಲಿ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್ ಮಾತ್ರ. ಕೆಲವು ಶಾಲೆ ಬೀದಿಗಳು ಮಕ್ಕಳು ಬರುವ ಹೋಗುವ ಹೊತ್ತಿಗೆ ಕಾರಿಗೆ ಬಂದ್. ಹಿಂದಿನ ಸೀಟಿನಲ್ಲಿ ನಿಮ್ಮ ಮಗು ಅಳ್ತಿದ್ದಾಗ, ಪಕ್ಕದಲ್ಲಿ ಅಪ್ಪ ದಾರಿ ಕೇಳ್ತಿದ್ದಾಗ ಇಷ್ಟೆಲ್ಲ ಬೋರ್ಡ್ ಓದಿಕೊಂಡು ಓಡಿಸೋಕೆ ಆಗುತ್ತಾ? ನನಗೆ ಆಗಲಿಲ್ಲ. ಊರು ನೋಡಿದ್ದು ಅವರು, ನಾನು ನೋಡಿದ್ದು ಕಂಬಗಳನ್ನು.

ನಿಮ್ಮ ಅಪ್ಪ ಅಮ್ಮನಿಗೆ ಏನು ಮಾಡಬೇಕು ಅಂದರೆ, ಹೀಥ್ರೂ ಏರ್‌ಪೋರ್ಟ್‌ನಿಂದ ಎಲಿಜಬೆತ್ ಲೈನ್ ರೈಲು ಹಿಡಿಯಿರಿ. ಅದರ 41 ಸ್ಟೇಷನ್‌ಗಳಲ್ಲೂ ಬೀದಿಯಿಂದ ಪ್ಲಾಟ್‌ಫಾರ್ಮ್‌ವರೆಗೆ ಮೆಟ್ಟಿಲಿಲ್ಲದೆ ಹೋಗಬಹುದು. ಮೆಟ್ಟಿಲು ಜಾಸ್ತಿ ಅಂತ ನನಗೆ ಹೇಳಿದವರು ಹಳೇ ಟ್ಯೂಬ್ ಸ್ಟೇಷನ್ ನೋಡಿದ್ದವರು. ಊರೊಳಗೆ ಕೆಂಪು ಬಸ್ಸಿನಲ್ಲಿ ಓಡಾಡಿ. ನೆಲ ತಗ್ಗಾಗಿರುತ್ತೆ, ಗಾಲಿಕುರ್ಚಿಗೆ ರ್‍ಯಾಂಪ್ ಇರುತ್ತೆ. ಟಿಕೆಟ್ 2025ರಲ್ಲಿ 1.75 ಪೌಂಡ್ ಇತ್ತು, ಒಂದು ಗಂಟೆಯೊಳಗೆ ಬೇರೆ ಬಸ್ ಹತ್ತಿದರೂ ಅದೇ ದುಡ್ಡು. ನೋಟು ಚಿಲ್ಲರೆ ತಗೊಳ್ಳಲ್ಲ, ಕಾರ್ಡ್ ತೋರಿಸಿದರೆ ಆಯ್ತು, ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು. 11 ವರ್ಷದೊಳಗಿನ ಮಕ್ಕಳಿಗೆ ಬಸ್ಸು ಉಚಿತ. ಸಂಜೆ ಸುಸ್ತಾದರೆ ಕಪ್ಪು ಟ್ಯಾಕ್ಸಿ ಕರೆಯಿರಿ. ಅದು ದುಬಾರಿ, ಸುಳ್ಳು ಹೇಳಲ್ಲ. ಆದರೂ ಬಾಡಿಗೆ, ಕಂಜೆಶನ್ ಚಾರ್ಜ್, ಪಾರ್ಕಿಂಗ್ ಕೂಡಿಸಿ ನೋಡಿ, ಆಮೇಲೆ ಹೇಳಿ ದುಬಾರಿ ಯಾವುದು ಅಂತ.

ಕಾರು ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಕ್ಯಾಂಟರ್ಬರಿಯ ಆ ದಿನ ನಮ್ಮ ಪ್ರವಾಸದಲ್ಲೇ ಚೆನ್ನಾಗಿತ್ತು, ಅಪ್ಪ ಇವತ್ತಿಗೂ ಆ ದಾರಿಯ ಸೇಬಿನ ತೋಟಗಳ ಬಗ್ಗೆ ಮಾತಾಡ್ತಾರೆ. ಹಳ್ಳಿ ಕಡೆ ಹೋಗೋದಿದ್ದರೆ ಕಾರಿನಷ್ಟು ಸುಖ ಯಾವುದರಲ್ಲೂ ಇಲ್ಲ. ಆದರೆ ಲಂಡನ್ ನೋಡಿ ಮುಗಿಸಿದ ಮೇಲೆ, ಊರ ಅಂಚಿನಲ್ಲಿ ಅಥವಾ ರೈಲಿನಲ್ಲಿ ಮುಂದಿನ ಊರಿಗೆ ಹೋಗಿ ಅಲ್ಲಿ ಕಾರು ತಗೊಳ್ಳಿ. ಎರಡು ಮೂರು ದಿನ ಓಡಿಸಿ, ಲಂಡನ್ ಒಳಗೆ ಬಾರದೆ ಏರ್‌ಪೋರ್ಟ್ ಹತ್ತಿರ ವಾಪಸ್ ಕೊಡಿ. ಅಲ್ಲಿ ಕೂಡ ಹುಷಾರು. ಹೀಥ್ರೂ ಟರ್ಮಿನಲ್ ಬಾಗಿಲ ಮುಂದೆ ಜನ ಇಳಿಸೋಕೆ 2021ರ ನವೆಂಬರ್‌ನಿಂದ ಚಾರ್ಜ್ ಇದೆ, ಬೂತಿಲ್ಲ, ಆನ್‌ಲೈನ್‌ನಲ್ಲೇ ಕಟ್ಟಬೇಕು, ಮಾರನೇ ದಿನದ ಮಧ್ಯರಾತ್ರಿ ಗಡುವು. ಅಪ್ಪ ಅಮ್ಮನನ್ನು ಲಗೇಜ್ ಸಮೇತ ಮೊದಲು ಇಳಿಸಿ ಆಮೇಲೆ ಕಾರು ಕೊಟ್ಟು ಬರೋಣ ಅಂತ ಎಲ್ಲರಿಗೂ ಅನಿಸುತ್ತೆ. ಇಳಿಸಿ, ತಪ್ಪೇನಿಲ್ಲ, ವಿಮಾನ ಹತ್ತುವ ಮುಂಚೆ ಫೋನಿನಲ್ಲಿ ಕಟ್ಟಿಬಿಡಿ.

ಮತ್ತೆ ಕಾರಿನ ಒಪ್ಪಂದಕ್ಕೆ ವಿಳಾಸ ಕೊಡುವಾಗ, ಅಲ್ಲಿ ನಿಮ್ಮವರು ಯಾರಾದರೂ ಇದ್ದರೆ ಕಾಗದಪತ್ರ ಅವರ ಮನೆಗೆ ಕಳಿಸೋ ಹಾಗೆ ಮಾಡಬಹುದಾ ಅಂತ ಕೌಂಟರ್‌ನಲ್ಲೇ ಕೇಳಿ. ದಂಡ ಬಂದರೂ ಅರ್ಧಕ್ಕೆ ಮುಗಿಸೋಕೆ ಆ ಹದಿನಾಲ್ಕು ದಿನ ಸಿಗುತ್ತೆ. ಕಟ್ಟಿದ ಪ್ರತಿ ಚಾರ್ಜಿನ ರಸೀದಿಯ ಮೇಲೆ ಕಾರಿನ ನಂಬರ್, ತಾರೀಕು, ಎಷ್ಟು ದಾಟುವಿಕೆ ಅನ್ನೋದು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ಕಾರ್ಡಿನ ಎರಡು ಮೂರು ತಿಂಗಳ ಸ್ಟೇಟ್‌ಮೆಂಟ್ ಬರೋವರೆಗೂ ಅಳಿಸಬೇಡಿ.